ಚಿನ್ನದ ಬೆಸುಗೆ, ಕಬ್ಬಿಣದ ಮಿಡತೆ

ವಾಚಕರೇ, ಒಡೆದ ಮಣ್ಣಿನ ಪಾತ್ರೆಯನ್ನು ಚಿನ್ನದ ಗೆರೆ ಎದ್ದು ಕಾಣುವಂತೆ ಕೂಡಿಸುವ ಕಲೆಯೊಂದು ಜಪಾನಿನಲ್ಲಿದೆ. ಅದರ ಹೆಸರು ‘ಕಿನ್‌ತ್ಸುಗಿ’. ಚಿನ್ನದ ಜೋಡಣೆ ಎಂದರ್ಥ. ಅದರ ಹುಟ್ಟಿನ ಕಥೆಯನ್ನು ನೀವೂ ಕೇಳಿರಬಹುದು. ‘ಶೋಗನ್’ ಎಂಬ ಸೇನಾಧಿಪತಿಯ ಪದವಿಯಲ್ಲಿದ್ದು 1449ರಿಂದ 1473ರವರೆಗೆ ಆಳಿದ ಅಶಿಕಾಗ ಯೋಶಿಮಾಸನು ಬಿರುಕುಬಿಟ್ಟ ತನ್ನ ಚಹಾ ಬಟ್ಟಲನ್ನು ಚೀನಕ್ಕೆ ಕಳುಹಿಸಿದನಂತೆ. ಅದು ಕಬ್ಬಿಣದ ಕೊಂಡಿಗಳನ್ನು ಹೊತ್ತು ವಿಕಾರವಾಗಿ ಮರಳಿತಂತೆ. ಬೇಸತ್ತ ಆತನ ಸಲುವಾಗಿ ಕುಶಲಕರ್ಮಿಗಳು ಚಿನ್ನದ ಉಪಾಯವನ್ನು ಕಂಡುಹಿಡಿದರಂತೆ.

ಕಥೆ ಸೊಗಸಾಗಿದೆ. ಆದರೆ ಆ ಬಟ್ಟಲೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ! ಚೀನದ ಲುಂಗ್‌ಚ್ವಾನ್ ಆವಿಗೆಗಳಲ್ಲಿ ಹದಿಮೂರನೆಯ ಶತಮಾನದಲ್ಲಿ ಬೆಂದ ಆ ನಸುಹಸಿರು ಬಟ್ಟಲು ಈಗ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ವೃತ್ತಾಂತವನ್ನು 1727ರಲ್ಲಿ ಬರೆದಿಟ್ಟವನು ಇತೋ ತೋಗಾಯ್ ಎಂಬ ವಿದ್ವಾಂಸ. ಇಂಥದೇ ಇನ್ನೊಂದು ಬೇಕೆಂದು ಯೋಶಿಮಾಸನು ಕೇಳಿಕಳುಹಿಸಲು, ಅಷ್ಟು ಉತ್ತಮವಾದುದು ಈಗ ದೊರೆಯದೆಂದು ಚೀನೀಯರು ಹಳೆಯದಕ್ಕೇ ಕೊಂಡಿ ಹಾಕಿ ಹಿಂದಿರುಗಿಸಿದರೆಂಬುದು ಅವನ ಬರಹದ ಸಾರ. ಯೋಶಿಮಾಸನು ತೀರಿಕೊಂಡು ಆಗಲೇ 237 ವರ್ಷಗಳಾಗಿದ್ದವೆಂಬುದನ್ನು ನಾವು ಮರೆಯಲಾಗದು. ಅದೇನೇ ಇರಲಿ, ಬಟ್ಟಲಿನ ಮೇಲೆ ಚಿನ್ನವಿಲ್ಲ. ಕೊಂಡಿಗಳು ದೊಡ್ಡ ಮಿಡತೆಗಳಂತೆ ಕಂಡವೆಂದು ಅದಕ್ಕೆ ‘ಬಕೋಹನ್’ ಎಂಬ ಹೆಸರೇ ಬಂದಿತು. ವಿಕಾರವೆಂದು ಬಗೆದವರು ಹೀಗೆ ಹೆಸರಿಟ್ಟು ಕಾಪಾಡುತ್ತಿದ್ದರೇ?

ವಾಸ್ತವವಾಗಿ ಜೋಡಿಸುವುದು ಚಿನ್ನವೂ ಅಲ್ಲ. ‘ಉರುಶಿ’ ಎಂಬ ಮರದ ರಸ. ನಮ್ಮ ಮಾವು, ಗೇರುಗಳ ಕುಟುಂಬಕ್ಕೇ ಸೇರಿದ ಮರವಿದು; ಗೇರಿನ ಸೊನೆಯಂತೆಯೇ ಇದರ ಹಸಿ ರಸವೂ ಚರ್ಮಕ್ಕೆ ತಗುಲಿದರೆ ಬೊಬ್ಬೆಯೇಳಿಸುತ್ತದೆ. ಗೋಧಿಹಿಟ್ಟಿನೊಡನೆ ಅದನ್ನು ಕಲಸಿ ಚೂರುಗಳನ್ನು ಅಂಟಿಸುತ್ತಾರೆ. ಅದು ಗಟ್ಟಿಯಾಗುವುದು ಬಿಸಿಲಿನಲ್ಲಲ್ಲ, ತೇವವುಳ್ಳ ಬೆಚ್ಚನೆಯ ಪೆಟ್ಟಿಗೆಯಲ್ಲಿ. ಸಂದುಗಳನ್ನು ತುಂಬುವುದು, ಉಜ್ಜುವುದು, ಮತ್ತೆ ರಸ ಬಳಿದು ಕಾಯುವುದು—ಹೀಗೆ ವಾರಗಳು ಕಳೆಯುತ್ತವೆ. ಕಟ್ಟಕಡೆಗೆ, ಇನ್ನೂ ಹಸಿಯಾಗಿರುವ ಗೆರೆಯ ಮೇಲೆ ಚಿನ್ನದ ಪುಡಿಯನ್ನು ಉದುರಿಸುತ್ತಾರೆ. ಮರದ ಸಾಮಗ್ರಿಗಳನ್ನು ಹೀಗೆ ಅಲಂಕರಿಸುವ ವಿದ್ಯೆ ಯೋಶಿಮಾಸನಿಗಿಂತ ಶತಮಾನಗಳ ಹಿಂದೆಯೇ ಜಪಾನೀಯರಿಗೆ ಕರಗತವಾಗಿತ್ತು. ಆದುದರಿಂದ ಈ ಕಲೆಗೆ ಒಬ್ಬನೇ ಜನಕನನ್ನು ಹುಡುಕುವುದು ವ್ಯರ್ಥವೆಂದು ನಮಗೆ ತೋರುತ್ತದೆ.

ಚಹಾ ಗೋಷ್ಠಿಗಳ ರಸಿಕರು ಇದಕ್ಕೆ ಮನ್ನಣೆ ತಂದರು. ಹೊನಮಿ ಕೋಯೆತ್ಸು (1558–1637) ತನ್ನ ಕೈಯಾರೆ ಮಾಡಿದ ಬಟ್ಟಲೊಂದು ಆವಿಗೆಯಲ್ಲೇ ಬಿರುಕುಬಿಟ್ಟಿತು. ಅದನ್ನು ಎಸೆಯಲಿಲ್ಲ, ಬಿರುಕಿಗೆ ಚಿನ್ನ ತುಂಬಲಾಯಿತು. ಬಿಳಿಯ ಮೆರುಗನ್ನು ಹಿಮವೆಂದೂ ಹೊನ್ನಗೆರೆಗಳನ್ನು ಹಿಮ ಕರಗಿ ಇಳಿಯುವ ತೊರೆಗಳೆಂದೂ ಕಂಡರು. ಅದರ ಹೆಸರು ‘ಸೆಪ್ಪೋ’, ಹಿಮಶಿಖರ.