ಆಪ್ಟಿಕಲ್ ಸ್ಯಾಂಪ್ಲಿಂಗ್, ಅರೇಖೀಯ ಫೈಬರ್‌ನಲ್ಲಿ

ಒಂದೆರಡು ಪಿಕೋಸೆಕೆಂಡು ಮಾತ್ರ ಬಾಳುವ ಬೆಳಕಿನ ಮಿಡಿತದ ಆಕಾರವನ್ನು ಅಳೆಯುವ ವಿಧಾನ. ಫೋಟೋಡಯೋಡ್ ಮತ್ತು ಆಸಿಲೋಸ್ಕೋಪ್‌ಗಳ ಸಾಮರ್ಥ್ಯ ಸುಮಾರು 100 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಸೋಲುವುದರಿಂದ ಇಂಥ ಮಿಡಿತ ಪರದೆಯ ಮೇಲೆ ಹರಡಿಕೊಂಡು ಕಾಣುತ್ತದೆ. ಬೆಳಕನ್ನು ಅಳೆಯಲು ಬೆಳಕೇ ಬೇಕು. ಗಾಜಿನ ವಕ್ರೀಭವನ ಸೂಚ್ಯಂಕವು ಬೆಳಕಿನ ತೀವ್ರತೆಗೆ ತಕ್ಕಂತೆ ಬದಲಾಗುವ ಕೆರ್ ಪರಿಣಾಮ ಕೆಲವೇ ಫೆಮ್ಟೋಸೆಕೆಂಡುಗಳಲ್ಲಿ ಸ್ಪಂದಿಸುತ್ತದೆ. ಅಳೆಯಬೇಕಾದ ಸಂಕೇತದ ಜೊತೆ ಅತಿ ಕಿರಿದಾದ ಪಂಪ್ ಮಿಡಿತಗಳನ್ನು ಫೈಬರಿಗೆ ಬಿಟ್ಟರೆ, ಎರಡೂ ಸೇರಿದ ಕ್ಷಣದಲ್ಲಷ್ಟೇ, ಈ ಪರಿಣಾಮದ ಫಲವಾದ ನಾಲ್ಕು-ತರಂಗ ಮಿಶ್ರಣದಿಂದ ಹೊಸ ತರಂಗಾಂತರದ ಬೆಳಕು ಹುಟ್ಟುತ್ತದೆ. ಅದನ್ನು ಸೋಸಿ ನಿಧಾನಗತಿಯ ಡಿಟೆಕ್ಟರಿನಲ್ಲಿ ಅಳೆದರೂ ಸಾಕು, ವೇಗದ ಹೊಣೆಯೆಲ್ಲ ಪಂಪಿನದು.

ಗಾಜಿನ ಈ ಗುಣ, ಅಂದರೆ ಅರೇಖೀಯತೆ, ತೀರ ದುರ್ಬಲ ಎಂಬ ಆಕ್ಷೇಪ ನಿಜವೇ. ಆದರೆ ತಿರುಳನ್ನು ಕಿರಿದಾಗಿಸಿ ಜರ್ಮೇನಿಯಂ ಬೆರೆಸಿದ ಫೈಬರಿನಲ್ಲಿ ಅದು ಸಾಮಾನ್ಯ ಫೈಬರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಉದ್ದ ಹೆಚ್ಚಿಸಿದಷ್ಟೂ ಲಾಭ ಎನ್ನುವುದು ಮಾತ್ರ ಅರ್ಧಸತ್ಯ: ಪಂಪ್ ಮತ್ತು ಸಂಕೇತ ಬೇರೆ ಬೇರೆ ವೇಗದಲ್ಲಿ ಸಾಗಿ ಒಂದರಿಂದೊಂದು ಜಾರಿದರೆ ಅಳತೆ ಮಸುಕಾಗುತ್ತದೆ. ಹೆಚ್ಚು ತೂಕದ ಆಕ್ಷೇಪ ಬೇರೆ ಇದೆ. ಪಂಪ್ ತುಸು ಭಿನ್ನ ಲಯದಲ್ಲಿ ಬಂದು ಒಂದೊಂದೇ ಬಿಂದುವನ್ನು ಹೆಕ್ಕುವುದರಿಂದ, ಮರುಕಳಿಸದ ಘಟನೆ ಕೈಗೆ ಸಿಗದು. ಅದಕ್ಕೆ ಉತ್ತರ, ಮಿಡಿತದ ಕಾಲದ ಆಕಾರವನ್ನು ಒಂದೇ ಸಲಕ್ಕೆ ತರಂಗಾಂತರಗಳ ಹರವಾಗಿ ಬದಲಿಸಬಲ್ಲ ಟೈಮ್ ಲೆನ್ಸ್. ಇದೇ ಮಿಶ್ರಣವನ್ನು ಸಿಲಿಕಾನ್ ಚಿಪ್‌ನಲ್ಲಿ ನಡೆಸಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ 220 ಫೆಮ್ಟೋಸೆಕೆಂಡುಗಳ ಸೂಕ್ಷ್ಮತೆ ಸಾಧಿಸಿತು.