ಲಂಡನ್ನಿನಿಂದ ಸಿಡ್ನಿ ಎಷ್ಟು ದೂರ?

ಊರು ಎಷ್ಟು ದೂರವೆಂದು ಯಾರಾದರೂ ಕೇಳಿದರೆ ನಾವು ಕಿಲೋಮೀಟರುಗಳನ್ನು ಹೇಳುವುದಿಲ್ಲ. ಒಂದು ರಾತ್ರಿಯ ದಾರಿ ಎನ್ನುತ್ತೇವೆ, ಇಲ್ಲವೇ ವಿಮಾನದಲ್ಲಿ ಎರಡು ಗಂಟೆ ಎನ್ನುತ್ತೇವೆ. ದೂರವನ್ನು ಕಾಲದಿಂದ ಅಳೆಯುವ ಈ ರೂಢಿ ಸಹಜವಾದುದು. ಆದರೆ ಆ ಕಾಲವನ್ನು ನಿರ್ಧರಿಸುವುದು ಯಂತ್ರದ ವೇಗವೊಂದೇ ಅಲ್ಲ ಎಂಬುದನ್ನು ಲಂಡನ್–ಸಿಡ್ನಿ ಆಕಾಶಮಾರ್ಗದ ಚರಿತ್ರೆ ತಿಳಿಸುತ್ತದೆ. ಈ ನಗರಗಳ ನೇರ ಅಂತರ ಸುಮಾರು 17,000 ಕಿಲೋಮೀಟರ್. ಅದು ಎಂದೂ ಬದಲಾಗಿಲ್ಲ.

1919ರ ನವೆಂಬರ್ 12ರಂದು ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸೋದರರು ಇಬ್ಬರು ಮೆಕ್ಯಾನಿಕರೊಡನೆ ವಿಕರ್ಸ್ ವಿಮಿ ವಿಮಾನದಲ್ಲಿ ಲಂಡನ್ನಿನ ಅಂಚಿನಿಂದ ಹೊರಟರು. ಕರಾಚಿ, ದೆಹಲಿ, ಕಲ್ಕತ್ತೆಗಳಲ್ಲಿ ಇಳಿದು ಏರುತ್ತ, ಡಿಸೆಂಬರ್ 10ರಂದು ಆಸ್ಟ್ರೇಲಿಯದ ಉತ್ತರ ತುದಿಯ ಡಾರ್ವಿನ್ ಸೇರಿದರು. 1935ರಲ್ಲಿ ಪ್ರಯಾಣಿಕರಿಗೆ ದಾರಿ ತೆರೆದಾಗ ಲಂಡನ್ನಿನಿಂದ ಬ್ರಿಸ್ಬೇನಿಗೆ ಹನ್ನೆರಡೂವರೆ ದಿನ ಹಿಡಿಯುತ್ತಿತ್ತು. ಯುರೋಪಿನ ಒಂದು ಭಾಗವನ್ನು ರೈಲಿನಲ್ಲಿಯೇ ಕ್ರಮಿಸಬೇಕಿತ್ತು.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾಯಿತು. ಮಾರ್ಗ ನಡುವೆಯೇ ಕಡಿದುಹೋಯಿತು. ಅದನ್ನು ಮತ್ತೆ ಬೆಸೆಯಲು 1943ರ ಜುಲೈಯಲ್ಲಿ ಪರ್ತ್‌ನಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ, ನೀರಿನ ಮೇಲಿಳಿಯುವ ಕ್ಯಾಟಲೀನ ವಿಮಾನಗಳ ಗುಪ್ತ ಸಂಚಾರ ಆರಂಭವಾಯಿತು. ಹಿಂದೂ ಮಹಾಸಾಗರದ ಮೇಲೆ 5,600 ಕಿಲೋಮೀಟರಿಗೂ ಮಿಕ್ಕ ಹಾದಿ, ಎಲ್ಲಿಯೂ ನಿಲುಗಡೆಯಿಲ್ಲ. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೊ ಮೌನವಾಗಿರುತ್ತಿತ್ತು. ನಕ್ಷತ್ರಗಳೇ ದಿಕ್ಕು ತೋರಬೇಕಿತ್ತು. ಇಂಧನದ ಭಾರದಿಂದಾಗಿ ಮೂವರಿಗಿಂತ ಹೆಚ್ಚು ಪ್ರಯಾಣಿಕರಿಗೆ ಎಡೆಯಿರಲಿಲ್ಲ. ಮೂವತ್ತು ಗಂಟೆಯ ಆಸುಪಾಸಿನ ಆ ಒಂದೇ ಹಾರಾಟದಲ್ಲಿ ಎರಡು ಬಾರಿ ಸೂರ್ಯೋದಯವಾಗುತ್ತಿದ್ದುದರಿಂದ ಅದಕ್ಕೆ ‘ಜೋಡಿ ಸೂರ್ಯೋದಯ’ ಎಂಬ ಹೆಸರು ನಿಂತಿತು.

ಯುದ್ಧ ಮುಗಿದು, 1947ರ ಡಿಸೆಂಬರ್ 1ರಂದು ಕ್ವಾಂಟಾಸ್ ಸಂಸ್ಥೆಯ ಕಾನ್‌ಸ್ಟೆಲೇಶನ್ ವಿಮಾನ ಸಿಡ್ನಿಯಿಂದ ಲಂಡನ್ನಿಗೆ ಹೊರಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೊ, ಟ್ರಿಪೊಲಿಗಳಲ್ಲಿ ತಂಗಿದರೂ ಪ್ರಯಾಣ ನಾಲ್ಕು ದಿನಕ್ಕಿಳಿದಿತ್ತು. 1989ರಲ್ಲಿ ಬೋಯಿಂಗ್ 747-400 ವಿಮಾನವೊಂದು, ಸಾಮಾನ್ಯ ಪ್ರಯಾಣಿಕರಿಲ್ಲದೆ, ಲಂಡನ್ನಿನಿಂದ ಸಿಡ್ನಿಗೆ 20 ಗಂಟೆ 9 ನಿಮಿಷಗಳಲ್ಲಿ ಎಲ್ಲಿಯೂ ನಿಲ್ಲದೆ ಹಾರಿತು. 2018ರ ಮಾರ್ಚಿನಲ್ಲಿ ಪರ್ತ್–ಲಂಡನ್ ನಡುವೆ ನಿಲುಗಡೆಯಿಲ್ಲದ ನಿತ್ಯಸಂಚಾರವೇ ಮೊದಲಾಯಿತು: ಸುಮಾರು 14,500 ಕಿಲೋಮೀಟರ್, ಹದಿನೇಳು ಗಂಟೆಗಳಿಗೆ ಮಿಕ್ಕ ಹಾರಾಟ.

ದೂರವನ್ನು ಗೆದ್ದೆವೆಂದು ನಾವು ಭಾವಿಸಿದ್ದು ಆಗ. ಆದರೆ 2024ರಲ್ಲಿ ಪಶ್ಚಿಮ ಏಷ್ಯಾ ಪ್ರಕ್ಷುಬ್ಧವಾದಾಗ ಇದೇ ವಿಮಾನ ಬಳಸುದಾರಿ ಹಿಡಿದು, ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿಯಬೇಕಾಯಿತು. ಅಂದು ಸಿಂಗಪುರ ಮುಚ್ಚಿದ್ದರಿಂದ ಪರ್ತ್‌ನ ದಾರಿ ತೆರೆದಿತ್ತು. ಇಂದು ಪರ್ತ್‌ನ ನೇರದಾರಿ ತಪ್ಪಿ ಸಿಂಗಪುರಕ್ಕೆ ಮರಳಿತು. 2019ರಲ್ಲಿಯೂ 2025ರಲ್ಲಿಯೂ ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೊರಟವರಿಗೂ ಇದರ ಅನುಭವವಾಗಿದೆ. ನೂರು ವರ್ಷಗಳಲ್ಲಿ ಯಂತ್ರವು ಇಪ್ಪತ್ತೆಂಟು ದಿನಗಳನ್ನು ಒಂದು ದಿನಕ್ಕಿಳಿಸಿತು. ಆ ಒಂದು ದಿನ ಹಾಗೆಯೇ ಉಳಿಯಬೇಕಾದರೆ, ಕೆಳಗಿನ ನೆಲದಲ್ಲಿ ಜನರು ಶಾಂತಿಯಿಂದಿರಬೇಕು.