ಲಿನಕ್ಸ್ ಹಾಕಿದರೆ ಮೋಡೆಮ್ ಸುಟ್ಟುಹೋಗುತ್ತದೆಯೇ?

"ಲಿನಕ್ಸ್ ಹಾಕಿದ್ರೆ ನೆಟ್ ಬರಲ್ಲ, ಸುಮ್ನೆ ಎಕ್ಸ್‌ಪಿನೇ ಇರ್ಲಿ ಬಿಡಿ." ಮಾಲೂರು ತಾಲ್ಲೂಕಿನ ಟೇಕಲ್‌ನಲ್ಲಿ ಹಳೆಯ ಕಂಪ್ಯೂಟರೊಂದನ್ನು ಸರಿಮಾಡಲು ಕುಳಿತಾಗ ನಮಗೆ ಸಿಕ್ಕ ಸಲಹೆ ಇದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡು ರೈಲಿನಲ್ಲಿ ತಂದ ಸೆಕೆಂಡ್ ಹ್ಯಾಂಡ್ ಯಂತ್ರ. ಒಳಗೆ ಫೋನ್ ತಂತಿ ಸಿಕ್ಕಿಸುವ ಮೋಡೆಮ್ ಕಾರ್ಡ್. ಹಿಂದೊಮ್ಮೆ ಲಿನಕ್ಸ್ ಹಾಕಿದಾಗ ಕಾರ್ಡ್ "ಸುಟ್ಟುಹೋಗಿದೆ" ಎಂದು ರಿಪೇರಿಯವರು ಹೇಳಿ, ಹೊಸ ಕಾರ್ಡಿಗೆ ದುಡ್ಡು ತೆಗೆದುಕೊಂಡಿದ್ದರಂತೆ. ಹೊಸದೂ ನಡೆಯಲಿಲ್ಲ.

ಹಳೆಯ ಕತೆ ಎಂದು ನಕ್ಕು ಬಿಡಬಹುದಿತ್ತು. ಆದರೆ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅದೇ ಯಂತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ವರ್ಡ್ ಒತ್ತುವವರು ಇನ್ನೂ ಇದ್ದಾರೆ. ಕಾರಣ ಕೇಳಿದರೆ ಈ ನಂಬಿಕೆಯನ್ನೇ ಹೇಳುತ್ತಾರೆ.

ನಿಜ ಏನು? ಆಪರೇಟಿಂಗ್ ಸಿಸ್ಟಮ್ ಬದಲಿಸಿದ್ದಕ್ಕೆ ಮೋಡೆಮ್ ಸುಡುವುದಿಲ್ಲ. ಆ ಕಾರ್ಡಿಗೆ ಮೊದಲಿನಿಂದಲೂ ತಲೆಯೇ ಇರಲಿಲ್ಲ, ಅಷ್ಟೇ.

ದೂರವಾಣಿ ತಂತಿ ಮಾಡಿದ್ದು ಮಾತಿಗಾಗಿ. ಸುಮಾರು 300ರಿಂದ 3,400 ಹರ್ಟ್ಸ್ ವರೆಗಿನ ದನಿ ಮಾತ್ರ ಅದರಲ್ಲಿ ಸಲೀಸಾಗಿ ಹೋಗುತ್ತದೆ. ಕಂಪ್ಯೂಟರಿನ ಸೊನ್ನೆ–ಒಂದುಗಳನ್ನು ಆ ದನಿಯಾಗಿಸುವುದು, ಆ ಕಡೆಯಿಂದ ಬಂದ ದನಿಯನ್ನು ಮತ್ತೆ ಸೊನ್ನೆ–ಒಂದು ಮಾಡುವುದು ಮೋಡೆಮ್ ಕೆಲಸ. ಇದಕ್ಕೆ ಬಿಡುವಿಲ್ಲದ ಲೆಕ್ಕಾಚಾರ ಬೇಕು. ಪೂರ್ಣ ಮೋಡೆಮ್‌ನಲ್ಲಿ ಆ ಲೆಕ್ಕ ಮಾಡಲೆಂದೇ ಚಿಪ್ ಇರುತ್ತಿತ್ತು. 1990ರ ದಶಕದಲ್ಲಿ ಕಂಪ್ಯೂಟರಿನ ಪ್ರೊಸೆಸರ್ ಚುರುಕಾದಂತೆ, ಆ ಚಿಪ್ ತೆಗೆದು ಲೆಕ್ಕವನ್ನೆಲ್ಲ ಪ್ರೊಸೆಸರಿಗೇ ಹೊರಿಸಿದರು. ಬಾಯಿ ಮತ್ತು ಕಿವಿ ಕಾರ್ಡಿನದು, ತಲೆ ಕಂಪ್ಯೂಟರಿನದು. ಕಾರ್ಡು ಅಗ್ಗವಾಯಿತು. ಆ ಲೆಕ್ಕದ ತಂತ್ರಾಂಶವನ್ನು ಮಾತ್ರ ಬಹುತೇಕ ವಿಂಡೋಸ್‌ಗಷ್ಟೇ ಬರೆದರು. ಅದಕ್ಕೇ ಇವಕ್ಕೆ 'ವಿನ್‌ಮೋಡೆಮ್' ಎಂಬ ಹೆಸರು ಅಂಟಿಕೊಂಡಿತು. ಚಿಪ್ಪಿನ ಒಳವಿವರವನ್ನು ತಯಾರಕರು ಬಿಟ್ಟುಕೊಡದ ಕಾರಣ ಲಿನಕ್ಸ್‌ನವರು ತಾವೇ ಬರೆದುಕೊಳ್ಳುವುದೂ ಕಷ್ಟವಾಯಿತು. ತಪ್ಪು ಲಿನಕ್ಸ್‌ನದು ಎಂಬ ಮಾತು ನಮಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ಆದರೂ ದಾರಿ ಸಿಕ್ಕಿತು. ಮೊದಲ ಹೆಜ್ಜೆ, ಕಾರ್ಡಿನ ಮೇಲಿನ ಹೆಸರನ್ನು ಮರೆತು ಚಿಪ್ ಯಾರದೆಂದು ನೋಡುವುದು. ಲಿನಕ್ಸ್‌ನಲ್ಲಿ 'ಎಲ್‌ಎಸ್‌ಪಿಸಿಐ -ಎನ್ಎನ್' ಎಂಬ ಆಜ್ಞೆ ಕೊಟ್ಟರೆ ತಯಾರಕರ ಸಂಕೇತ ಕಾಣುತ್ತದೆ: 11ಸಿ1 ಲೂಸೆಂಟ್, 14ಎಫ್1 ಕೊನೆಕ್ಸೆಂಟ್, 134ಡಿ ಪಿಸಿಟೆಲ್, 163ಸಿ ಸ್ಮಾರ್ಟ್ ಲಿಂಕ್. ಲೂಸೆಂಟ್‌ನ ಹಲವು ಕಾರ್ಡುಗಳಿಗೆ 'ಮಾರ್ಷಿಯನ್' ಡ್ರೈವರ್ ಇತ್ತು. ಸ್ಮಾರ್ಟ್ ಲಿಂಕ್‌ನ 'ಎಸ್‌ಎಲ್‌ಮೋಡೆಮ್‌ಡಿ' ಅನೇಕ ಲ್ಯಾಪ್‌ಟಾಪ್ ಮೋಡೆಮ್‌ಗಳನ್ನೂ ನಡೆಸುತ್ತಿತ್ತು. ಆದರೆ ಅದರ ಮುಖ್ಯ ಭಾಗವನ್ನು ತೆರೆದು ನೋಡುವಂತಿಲ್ಲ, ಅದು 32 ಬಿಟ್‌ಗೆ ಮಾತ್ರ. ಕೊನೆಕ್ಸೆಂಟ್ ಚಿಪ್ಪುಗಳಿಗೆ ಲಿನಕ್ಸಂಟ್ ಎಂಬ ಕಂಪನಿ ಡ್ರೈವರ್ ಮಾರುತ್ತಿತ್ತು. ಉಚಿತ ಆವೃತ್ತಿಯ ವೇಗ ಸೆಕೆಂಡಿಗೆ 14.4 ಕಿಲೋಬಿಟ್ ಮಾತ್ರ. 56 ಬೇಕೆಂದರೆ ಕಾಸು ಬಿಚ್ಚಬೇಕು.

ಈ ಕಂಪನಿಯದೇ ಒಂದು ಸ್ವಾರಸ್ಯ. ಮುಚ್ಚಿದ ಡ್ರೈವರ್ ಹಾಕಿದರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಎಚ್ಚರಿಕೆ ಕೊಡುತ್ತದೆ. 2004ರಲ್ಲಿ ಲಿನಕ್ಸಂಟ್ ತನ್ನ ಪರವಾನಗಿ ಸಾಲಿನಲ್ಲಿ 'ಜಿಪಿಎಲ್' ಎಂದು ಬರೆದು, ಪಕ್ಕದಲ್ಲೇ ಒಂದು ಶೂನ್ಯಾಕ್ಷರ ಇಟ್ಟು, ನಿಜವಾದ ಷರತ್ತನ್ನು ಅದರಾಚೆ ಬರೆದಿದ್ದು ಬಯಲಾಯಿತು. ಶೂನ್ಯಾಕ್ಷರ ಕಂಡಲ್ಲಿ ಕರ್ನೆಲ್ ಓದು ನಿಲ್ಲಿಸುತ್ತದೆ. ಹಾಗಾಗಿ ಅದಕ್ಕೆ ಕಂಡಿದ್ದು ಮುಕ್ತ ಪರವಾನಗಿಯ ಹೆಸರು ಮಾತ್ರ!

ಇಂಥ ಡ್ರೈವರ್‌ಗಳು ಒಂದೊಂದು ಕರ್ನೆಲ್ ಆವೃತ್ತಿಗೆ ಕಟ್ಟುಬಿದ್ದಿರುತ್ತವೆ. ಇವತ್ತು ನಡೆದದ್ದು ಅಪ್‌ಡೇಟ್ ಆದ ಮಾರನೇ ದಿನ ನಿಲ್ಲಬಹುದು. 'ಸುಟ್ಟುಹೋಯಿತು' ಎಂಬ ಮಾತು ಹುಟ್ಟಲು ಇದೂ ಒಂದು ಕಾರಣವಿರಬೇಕೆಂದು ನಮ್ಮ ಊಹೆ. ಡ್ರೈವರ್ ಕೂತ ಮೇಲೂ 'ಡಯಲ್ ಟೋನ್ ಇಲ್ಲ' ಎಂದರೆ, ಎಕ್ಸ್‌ಚೇಂಜಿನ ಟೋನ್ ಮೋಡೆಮ್‌ಗೆ ಗುರುತು ಸಿಗುತ್ತಿಲ್ಲವೆಂದು ಅರ್ಥ. 'ಎಟಿಎಕ್ಸ್3' ಆಜ್ಞೆ ಕೊಟ್ಟರೆ ಟೋನ್‌ಗೆ ಕಾಯದೆ ಡಯಲ್ ಮಾಡುತ್ತದೆ.

ಆಮೇಲೆ ಬಂದ ಯುಎಸ್‌ಬಿ ಡಾಂಗಲ್‌ಗಳಿಗೂ ಇದೇ ಅಪವಾದ ಬಂತು, ಅಲ್ಲಿ ಕಾರಣ ಮಾತ್ರ ಬೇರೆ. ಅವಕ್ಕೆ ಸ್ವಂತ ತಲೆ ಇದೆ; ಆದರೆ ಸಿಕ್ಕಿಸಿದ ಕೂಡಲೇ ಹಲವು ಡಾಂಗಲ್‌ಗಳು ವಿಂಡೋಸ್ ತಂತ್ರಾಂಶ ತುಂಬಿದ ಸಿಡಿ ಡ್ರೈವ್‌ನಂತೆ ತೋರುತ್ತವೆ. 'ಯುಎಸ್‌ಬಿ ಮೋಡ್‌ಸ್ವಿಚ್' ಎಂಬ ಪುಟ್ಟ ತಂತ್ರಾಂಶ ಅವನ್ನು ಮೋಡೆಮ್ ರೂಪಕ್ಕೆ ತಿರುಗಿಸುತ್ತದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಗ್ನು/ಲಿನಕ್ಸ್‌ನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ಕೇಳಿದರೆ 'ಲಿನಕ್ಸ್‌ನಲ್ಲಿ ನೆಟ್ ಬರಲ್ಲ' ಎಂಬ ಮಾತಿಗೆ ನಕ್ಕಾರು.

ಟೇಕಲ್‌ನ ಯಂತ್ರದಲ್ಲಿ ನಾವು ಮೋಡೆಮ್ ಕಾರ್ಡಿನ ಗೋಜಿಗೇ ಹೋಗಲಿಲ್ಲ. ಹಗುರವಾದ ಲಿನಕ್ಸ್ ಹಾಕಿ, ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಒತ್ತಿದೆವು. ಬೇರೆ ಡ್ರೈವರ್ ಕೇಳಲಿಲ್ಲ, ನೆಟ್ ಬಂತು. "ಸುಟ್ಟುಹೋದ" ಕಾರ್ಡನ್ನು ಮನೆಯವರು ಬಿಸಾಡದೆ ಎತ್ತಿಟ್ಟಿದ್ದರು. ಹಾಕಿ ನೋಡಿದೆವು: ಸಂಕೇತ 14ಎಫ್1. ಚಿಪ್ ಜೀವಂತವಾಗಿಯೇ ಇತ್ತು.